ಕೈಯಲ್ಲಿದ್ದ ಬೆಳಕು ಕೈಕೊಟ್ಟಾಗ

ಕಳೆದ ವರ್ಷ ಜನವರಿ ತಿಂಗಳ ಒಂದು ಸೋಮವಾರ. ಬೆಳಗಿನ ಪ್ರಾರ್ಥನೆ ಮುಗಿಸಿ ತರಗತಿಗೆ ಹೊರಟಿದ್ದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲೊಂದು ಮೊಬೈಲ್ ಫೋನು, ಮುಖದಲ್ಲಿ ಸಿಟ್ಟು.

"ಮೇಷ್ಟ್ರೇ, ಪಾಠ ನೋಡೋಕೆ ಬೇಕು ಅಂದ್ಲು ಅಂತ ಮಗಳ ಕೈಗೆ ಫೋನು ಕೊಟ್ಟೆ. ಅದೇನು ಒತ್ತಿ ಕೆಡಿಸಿದ್ದಾಳೋ, ರಾತ್ರಿ ಹೊತ್ತು ಬ್ಯಾಟರೀನೇ ಹತ್ತಲ್ಲ. ಇನ್ನು ಪರೀಕ್ಷೆ ಮುಗಿಯೋವರೆಗೂ ಇದನ್ನ ಅವಳು ಮುಟ್ಟೋ ಹಾಗಿಲ್ಲ" ಎಂದರು.

ಬ್ಯಾಟರಿ ಎಂದರೆ ಇಲ್ಲಿ ಟಾರ್ಚು ಎಂದು ಅರ್ಥ. ಒಳಗೆ ಹಾಕುವುದಕ್ಕೆ ಸೆಲ್ಲು, ಕೈಯಲ್ಲಿ ಹಿಡಿಯುವುದಕ್ಕೆ ಬ್ಯಾಟರಿ ಎನ್ನುವುದು ನಮ್ಮ ಹಳ್ಳಿಗಳ ರೂಢಿ. ಈಗ ಆ ಬ್ಯಾಟರಿ ಫೋನಿನ ಬೆನ್ನಿಗೆ ಬಂದು ಕೂತಿದೆ.

ಅವರನ್ನು ಕೂರಿಸಿ ವಿಚಾರಿಸಿದೆ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಅವರ ಊರಿಗೆ ಆ ವಾರ ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಹನ್ನೊಂದು ಗಂಟೆಯ ಮೇಲೆ ಮೋಟಾರು ಹಾಕಲು ಹೊಲಕ್ಕೆ ಹೊರಟಿದ್ದಾರೆ. ಬದುವಿನ ಮೇಲೆ ಅರ್ಧ ದಾರಿ ಸಾಗಿದಾಗ ಫೋನಿನ ದೀಪ ತಾನಾಗಿಯೇ ಆರಿದೆ. ಮತ್ತೆ ಮತ್ತೆ ಒತ್ತಿದರೂ ಹತ್ತಿಲ್ಲ. ಕಾಲ ಬಳಿ ಏನೋ ಸರಿದ ಸದ್ದು. ಕೊಳಕುಮಂಡಲ, ಕಟ್ಟುಹಾವುಗಳು ಓಡಾಡುವುದೇ ಕತ್ತಲಲ್ಲಿ. "ಕಾಲು ಎತ್ತಿಡೋಕೂ ಧೈರ್ಯ ಬರದೆ ಕಾಲು ಗಂಟೆ ನಿಂತಲ್ಲೇ ನಿಂತಿದ್ದೆ ಮೇಷ್ಟ್ರೇ" ಎಂದರು. ಅವರ ಸಿಟ್ಟಿನ ಹಿಂದೆ ಇದ್ದದ್ದು ಆ ರಾತ್ರಿಯ ಭಯ ಎಂದು ನನಗೆ ಆಗ ತಿಳಿಯಿತು.

"ಬೆಳಿಗ್ಗೆ ಒತ್ತಿ ನೋಡಿದ್ರಾ?" ಎಂದೆ.

"ಬೆಳಿಗ್ಗೆ ಚೆನ್ನಾಗೇ ಹತ್ತುತ್ತೆ. ಅದೇ ನೋಡಿ ತಮಾಷೆ!"

ಫೋನು ಇಸಕೊಂಡು ಒತ್ತಿದೆ. ಕಣ್ಣು ಕೋರೈಸುವಂತೆ ಹತ್ತಿತು.

ವಿದ್ಯಾರ್ಥಿ ಮಿತ್ರರೇ, ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ಹಳೆಯ ಟಾರ್ಚಿನ ಬಲ್ಬಿನ ತಂತಿ ತುಂಡಾದರೆ ಅದು ಬೆಳಿಗ್ಗೆಯೂ ಹತ್ತದು, ರಾತ್ರಿಯೂ ಹತ್ತದು. ಈ ದೀಪ ಬೆಳಿಗ್ಗೆ ಹತ್ತುತ್ತದೆ, ರಾತ್ರಿ ಹತ್ತುವುದಿಲ್ಲ. ಹಾಗಾದರೆ ಕೆಟ್ಟಿರುವುದು ದೀಪವೇ? ಬಂದು ಹೋಗುವ ದೋಷವನ್ನು ಕಂಡಾಗ ನಾವು ಕೇಳಬೇಕಾದ ಪ್ರಶ್ನೆ "ಯಾರು ಕೆಡಿಸಿದರು?" ಎಂಬುದಲ್ಲ. "ಹತ್ತಿದಾಗ ಏನಿತ್ತು, ಹತ್ತದಿದ್ದಾಗ ಏನು ಬದಲಾಗಿತ್ತು?" ಎಂದು ಕೇಳಬೇಕು.

ಮೇಷ್ಟರೂ ತಪ್ಪಿದರು

ಆ ದಿನ ಮೂರನೆಯ ಪೀರಿಯಡ್ಡಿನಲ್ಲಿ ವಿಷಯವನ್ನು ಮಕ್ಕಳ ಮುಂದಿಟ್ಟೆ. ಉತ್ತರವನ್ನೂ ನಾನೇ ಹೇಳಿಬಿಟ್ಟೆ. ಫೋನಿನ ಟಾರ್ಚಿಗೂ ಕ್ಯಾಮೆರಾದ ಫ್ಲ್ಯಾಶಿಗೂ ಇರುವುದು ಒಂದೇ ದೀಪ. ಕ್ಯಾಮೆರಾ ತೆರೆದಿದ್ದಾಗ ಆ ದೀಪದ ಯಜಮಾನಿಕೆ ಕ್ಯಾಮೆರಾದ್ದು. ಅನೇಕ ಫೋನ್‌ಗಳಲ್ಲಿ ಆ ಹೊತ್ತಿನಲ್ಲಿ ಟಾರ್ಚಿನ ಗುಂಡಿ ಮಂಕಾಗಿ, ಒತ್ತಿದರೂ ಕೆಲಸ ಮಾಡುವುದಿಲ್ಲ. ವಿಡಿಯೊ ಕರೆ ನಡೆಯುವಾಗಲೂ ಹೀಗಾಗಬಹುದು. ಆದ್ದರಿಂದ ಕ್ಯಾಮೆರಾ ಮುಚ್ಚಿದರೆ ಸರಿಹೋಗುತ್ತದೆ ಎಂದೆ.

ಆ ಹುಡುಗಿ ಎದ್ದು ನಿಂತಳು. "ಸರ್, ಅಪ್ಪ ಕ್ಯಾಮೆರಾ ತೆಗೆಯೋದೇ ಇಲ್ಲ. ಮಧ್ಯರಾತ್ರಿ ಹೊಲದಲ್ಲಿ ಏನು ಫೋಟೊ ಹೊಡೀತಾರೆ?"

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ನಾನು ಹೇಳಿದ ಕಾರಣ ಸುಳ್ಳಲ್ಲ. ಆದರೆ ಆ ರಾತ್ರಿಗೆ ಅದು ಹೊಂದುತ್ತಿರಲಿಲ್ಲ. ಗೊತ್ತಿರುವ ಉತ್ತರವನ್ನು ತಂದು ಎದುರಿಗಿರುವ ಪ್ರಶ್ನೆಗೆ ಅಂಟಿಸುವ ಅಭ್ಯಾಸ ಮಕ್ಕಳಿಗಷ್ಟೇ ಅಲ್ಲ, ಮೇಷ್ಟರುಗಳಿಗೂ ಇದೆ!

ಆಮೇಲೆ ಎಲ್ಲರೂ ಸೇರಿ ಒಂದು ಉಪಾಯ ಮಾಡಿದೆವು. ಫೋನು ತಂದೆಯ ಬಳಿ ಇರಲಿ, ಪುಸ್ತಕ ಮಗಳ ಬಳಿ ಇರಲಿ. ಒಂದು ವಾರ ಪ್ರತಿ ರಾತ್ರಿ ಐದು ಸಂಗತಿ ಬರೆಯಬೇಕು: ಗಂಟೆ ಎಷ್ಟು, ಚಾರ್ಜು ಶೇಕಡಾ ಎಷ್ಟು, ಫೋನು ಬಿಸಿಯಾಗಿತ್ತೇ, ಸಂಜೆಯಿಂದ ಯಾರು ಯಾರು ಬಳಸಿದರು, ದೀಪ ಹತ್ತಿತೇ ಇಲ್ಲವೇ. ಆ ವಾರ ಹೊಲಕ್ಕೆ ಪಕ್ಕದ ಮನೆಯ ಸೆಲ್ಲಿನ ಟಾರ್ಚು ಒಯ್ಯಬೇಕೆಂದು ತಂದೆಗೆ ಹೇಳಿ ಒಪ್ಪಿಸಿದೆ. ಪರೀಕ್ಷೆ ನಡೆಸುವುದಕ್ಕಾಗಿ ಯಾರ ಜೀವವನ್ನೂ ಅಪಾಯಕ್ಕೆ ಒಡ್ಡಬಾರದಲ್ಲವೇ?

ಏಳು ರಾತ್ರಿಗಳ ಲೆಕ್ಕ ಬಂತು. ನಾಲ್ಕು ರಾತ್ರಿ ದೀಪ ಹತ್ತಿತ್ತು, ಮೂರು ರಾತ್ರಿ ಹತ್ತಿರಲಿಲ್ಲ. ಹತ್ತಿದ ನಾಲ್ಕೂ ರಾತ್ರಿ ಚಾರ್ಜು ಶೇ 40ಕ್ಕಿಂತ ಹೆಚ್ಚಿತ್ತು. ಹತ್ತದ ಮೂರೂ ರಾತ್ರಿ ಶೇ 15ಕ್ಕಿಂತ ಕೆಳಗಿತ್ತು. ಹುಡುಗಿ ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದು ತಂದಿದ್ದಳು. ನಾನು ಏನನ್ನೂ ವಿವರಿಸಬೇಕಾಗಲಿಲ್ಲ.

ಖಚಿತ ಮಾಡಿಕೊಳ್ಳಲು ಶನಿವಾರ ಆ ಫೋನನ್ನು ತರಗತಿಗೆ ತರಿಸಿ, ವಿಡಿಯೊ ಓಡಿಸಿ ಚಾರ್ಜು ಇಳಿಸಿದೆವು. ಶೇ 14ಕ್ಕೆ ಬಂದಾಗ ಟಾರ್ಚಿನ ಗುಂಡಿ ಒತ್ತಿದೆ. ಹತ್ತಲಿಲ್ಲ. ಪರದೆಯ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ ಎರಡು ಮೂರು ಸೆಕೆಂಡಿನಲ್ಲಿ ಮಾಯವಾಯಿತು. "ಸರ್, ಬ್ಯಾಟರಿ ಕಡಿಮೆ ಇದೆ, ಟಾರ್ಚ್ ಬಳಸೋಕಾಗಲ್ಲ ಅಂತ ಬರೆದಿತ್ತು" ಎಂದಳು ಹುಡುಗಿ. ಚಾರ್ಜರಿಗೆ ಸಿಕ್ಕಿಸಿ ಸ್ವಲ್ಪ ಹೊತ್ತು ಬಿಟ್ಟು ಒತ್ತಿದೆವು. ಹತ್ತಿತು.

ಅಂದರೆ ಫೋನು ಪ್ರತಿ ರಾತ್ರಿಯೂ ಕಾರಣವನ್ನು ಹೇಳುತ್ತಲೇ ಇತ್ತು. ತಂದೆಗೆ ಓದಲು ಬಾರದ ಭಾಷೆಯಲ್ಲಿ, ಓದಲು ಪುರುಸೊತ್ತಿಲ್ಲದ ಹೊತ್ತಿನಲ್ಲಿ ಹೇಳುತ್ತಿತ್ತು, ಅಷ್ಟೆ.

ಫೋನು ಏಕೆ ಹೀಗೆ ಮಾಡುತ್ತದೆ?

ಫೋನಿನ ಟಾರ್ಚಿನಲ್ಲಿರುವುದು ಎಲ್‌ಇಡಿ, ಅಂದರೆ ಬೆಳಕು ಸೂಸುವ ಡಯೋಡು. ಇದರಲ್ಲಿ ಕಾಯ್ದು ಕೆಂಪಾಗುವ ತಂತಿಯಿಲ್ಲ. ಅರೆವಾಹಕದ ಪುಟ್ಟ ಹರಳೊಂದು ನೀಲಿ ಬೆಳಕನ್ನು ಕೊಡುತ್ತದೆ. ಅದರ ಮೇಲೆ ಬಳಿದಿರುವ ಹಳದಿ ಲೇಪ ನೀಲಿ ಬೆಳಕಿನ ಒಂದಂಶವನ್ನು ಹಳದಿಯಾಗಿ ಬದಲಿಸುತ್ತದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಟಾರ್ಚು ಆರಿದ್ದಾಗ ಗಾಜಿನೊಳಗೆ ಕಾಣುವ ಹಳದಿ ಚುಕ್ಕೆ ಈ ಲೇಪವೇ. ಕೆಂಪು, ಹಸಿರು ಎಲ್‌ಇಡಿಗಳು ಬಂದು ಬಹಳ ಕಾಲವಾದರೂ ಪ್ರಖರವಾದ ನೀಲಿ ಎಲ್‌ಇಡಿ ಸಿದ್ಧವಾಗಲು 1990ರ ದಶಕ ಬರಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಾಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು.

ಇಂಥ ಬಿಳಿ ಎಲ್‌ಇಡಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಫೋನಿನ ಲಿಥಿಯಂ ಅಯಾನ್ ಕೋಶ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ, ಖಾಲಿಯಾಗುತ್ತ ಬಂದಂತೆ 3.5ರ ಆಸುಪಾಸಿಗೆ ಇಳಿಯುತ್ತದೆ. ಹಾಗಾದರೆ ದೀಪಕ್ಕೆ ಇದು ಸಾಲದೇ ಎಂದು ನೀವು ಕೇಳಬಹುದು. ಇಲ್ಲಿ ಕೋಶದ ಆಂತರಿಕ ರೋಧ ಎಂಬ ಸಂಗತಿ ಬರುತ್ತದೆ. ಪ್ರತಿ ಕೋಶದ ಒಳಗೂ ವಿದ್ಯುತ್ತಿಗೆ ಸ್ವಲ್ಪ ತಡೆ ಇದ್ದೇ ಇರುತ್ತದೆ. ಕೋಶ ಹಳೆಯದಾದಂತೆ ಈ ತಡೆ ಹೆಚ್ಚುತ್ತದೆ.

ಒಂದು ಲೆಕ್ಕ ಮಾಡೋಣ. ಚಾರ್ಜು ಇಳಿದಿರುವ ಕೋಶದ ವೋಲ್ಟೇಜು 3.6 ಎಂದಿಟ್ಟುಕೊಳ್ಳಿ. ಪರದೆ, ಪ್ರೊಸೆಸರು, ದೀಪ ಎಲ್ಲ ಸೇರಿ ಒಂದು ಕ್ಷಣಕ್ಕೆ 1.5 ಆಂಪಿಯರ್ ಎಳೆಯುತ್ತವೆ ಎನ್ನಿ. ಹೊಸ ಕೋಶದ ರೋಧ 0.1 ಓಮ್ ಆದರೆ ಓಮನ ನಿಯಮದಂತೆ ಒಳಗೇ ನಷ್ಟವಾಗುವುದು 0.15 ವೋಲ್ಟ್. ಹೊರಗೆ 3.45 ಉಳಿಯುತ್ತದೆ. ಹಳೆಯ ಕೋಶದ ರೋಧ 0.4 ಓಮ್ ಆದರೆ ನಷ್ಟ 0.6 ವೋಲ್ಟ್. ಉಳಿಯುವುದು ಬರೀ 3! ಅಷ್ಟು ಇಳಿದರೆ ಫೋನು ಪೂರ್ತಿ ಆರಿಹೋಗುವ ಸಂಭವವಿದೆ. ಅದಕ್ಕೇ ಚಾರ್ಜು ಒಂದು ಮಟ್ಟಕ್ಕೆ ಇಳಿದ ಕೂಡಲೇ ಅನೇಕ ಫೋನ್‌ಗಳು ಫ್ಲ್ಯಾಶನ್ನೂ ಟಾರ್ಚನ್ನೂ ನಿಲ್ಲಿಸಿ, ಉಳಿದ ಶಕ್ತಿಯನ್ನು ಕರೆಗಾಗಿ ಎತ್ತಿಡುತ್ತವೆ. ಆ ಮಟ್ಟ ಎಷ್ಟೆಂಬುದು ಫೋನಿನಿಂದ ಫೋನಿಗೆ ಬೇರೆ.

ಹೊಲದಲ್ಲಿ ಚಾರ್ಜು ಬೇಗ ಇಳಿಯಲು ಇನ್ನೊಂದು ಕಾರಣವೂ ಇದೆ. ಸಿಗ್ನಲ್ಲು ದುರ್ಬಲವಾಗಿರುವ ಕಡೆ ಫೋನು ಗೋಪುರವನ್ನು ಮುಟ್ಟಲು ಹೆಚ್ಚು ಶಕ್ತಿ ಖರ್ಚು ಮಾಡುತ್ತದೆ. ನಮ್ಮ ಹುಡುಗಿಯ ಮನೆಯ ಫೋನಿಗೆ ನಾಲ್ಕು ವರ್ಷ ವಯಸ್ಸಾಗಿತ್ತು. ಮನೆಯಲ್ಲಿ ಶೇ 20 ಇದ್ದದ್ದು ಬದು ತಲುಪುವಷ್ಟರಲ್ಲಿ 15ರ ಕೆಳಗೆ ಇಳಿದು ದೀಪ ಆರುತ್ತಿತ್ತು.

ನಿಮ್ಮ ಫೋನಿನ ದೀಪ ಹತ್ತದಿದ್ದರೆ

ಎಲ್ಲರ ಫೋನಿಗೂ ಇದೇ ಕಾರಣ ಇರಬೇಕೆಂದಿಲ್ಲ. ಆದರೆ ಹುಡುಕುವ ಕ್ರಮ ಒಂದೇ. ಸುಲಭದಿಂದ ಕಷ್ಟಕ್ಕೆ ಹೋಗಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ದೀಪ ಹತ್ತಬಹುದು, ಏಕೆ ಹತ್ತಿತೆಂದು ಮಾತ್ರ ಗೊತ್ತಾಗುವುದಿಲ್ಲ.

1. ಬೆಳಕು ಮಂದವಾಗಿದ್ದರೆ ಮೊದಲು ಗಾಜನ್ನು ಒಣಗಿದ ಮೆತ್ತನೆಯ ಬಟ್ಟೆಯಿಂದ ಒರೆಸಿ, ಕವರು ತೆಗೆದು ನೋಡಿ. ಧೂಳು, ಬೆವರು, ಸರಿಯಾಗಿ ಕೂರದ ಕವರು ಬೆಳಕನ್ನು ತಡೆಯುತ್ತವೆ. ಕೆಲವು ಫೋನ್‌ಗಳಲ್ಲಿ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಅಳತೆಪಟ್ಟಿ ಇರುತ್ತದೆ. ಅದು ಕನಿಷ್ಠದಲ್ಲಿದೆಯೇ ನೋಡಿ.

2. ಚಾರ್ಜು ಎಷ್ಟಿದೆ ನೋಡಿ. ಕಡಿಮೆಯಿದ್ದರೆ ಅರ್ಧದಷ್ಟಾದರೂ ತುಂಬಿಸಿ ಮತ್ತೆ ಒತ್ತಿ. ಚಾರ್ಜು ಉಳಿಸುವ ಬ್ಯಾಟರಿ ಸೇವರ್ ಚಾಲೂ ಇದ್ದರೆ ಅದನ್ನೂ ಆರಿಸಿ ನೋಡಿ.

3. ಫೋನು ಬಿಸಿಯಾಗಿದೆಯೇ? ಬಿಸಿಲಲ್ಲಿಟ್ಟ, ಬಹಳ ಹೊತ್ತು ಆಟವಾಡಿದ, ಚಾರ್ಜಿಗೆ ಹಾಕಿಯೇ ಬಳಸಿದ ಫೋನು ಕಾಯ್ದಾಗ ದೀಪವನ್ನು ನಿಲ್ಲಿಸುತ್ತದೆ. ನೆರಳಿನಲ್ಲಿಟ್ಟು ತಣಿಯಲು ಬಿಡಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಒಳಗೆ ತೇವ ಕಟ್ಟಿ ಇಲ್ಲದ ರೋಗ ಬರುತ್ತದೆ.

4. ಕ್ಯಾಮೆರಾ, ವಿಡಿಯೊ ಕರೆ, ಕ್ಯೂಆರ್ ಕೋಡ್ ಓದುವ ಆ್ಯಪ್ ತೆರೆದಿದ್ದರೆ ಪೂರ್ತಿ ಮುಚ್ಚಿ. ಮೇಷ್ಟರು ಮೊದಲು ಹೇಳಿದ ಕಾರಣ ಎಷ್ಟೋ ಮನೆಗಳಲ್ಲಿ ನಿಜವೂ ಹೌದು!

5. ಫೋನನ್ನು ಒಮ್ಮೆ ಪೂರ್ತಿ ಆರಿಸಿ ಮತ್ತೆ ಚಾಲೂ ಮಾಡಿ. ಯಾವುದೋ ಆ್ಯಪ್ ಮುಚ್ಚಿದ ಮೇಲೂ ಕ್ಯಾಮೆರಾವನ್ನು ಬಿಡದೆ ಹಿಡಿದಿದ್ದರೆ ಆಗ ಬಿಡುತ್ತದೆ.

6. ಈಗ ಮುಖ್ಯ ಪರೀಕ್ಷೆ. ಕತ್ತಲೆ ಕೋಣೆಯಲ್ಲಿ ಕ್ಯಾಮೆರಾ ತೆರೆದು, ಫ್ಲ್ಯಾಶ್ ಕಡ್ಡಾಯವಾಗಿ ಬೀಳುವಂತೆ ಇಟ್ಟು ಗೋಡೆಯ ಫೋಟೊ ತೆಗೆಯಿರಿ. ಫ್ಲ್ಯಾಶ್ ಮಿಂಚಿತೇ? ಹಾಗಾದರೆ ದೀಪ ಚೆನ್ನಾಗಿದೆ, ದೋಷ ತಂತ್ರಾಂಶದಲ್ಲಿದೆ. ಬಾಕಿಯಿರುವ ಅಪ್‌ಡೇಟ್ ಹಾಕಿ ನೋಡಿ. ಆಂಡ್ರಾಯ್ಡ್ ಫೋನಾದರೆ ಸೇಫ್ ಮೋಡ್‌ನಲ್ಲಿ ಚಾಲೂ ಮಾಡಿ. ಆಗ ನೀವು ಹಾಕಿಕೊಂಡ ಆ್ಯಪ್‌ಗಳು ಓಡುವುದಿಲ್ಲ. ಅಲ್ಲಿ ಟಾರ್ಚು ಹತ್ತಿದರೆ ತೊಂದರೆ ಆ ಆ್ಯಪ್‌ಗಳಲ್ಲೊಂದರದು. ಈಚೆಗೆ ಹಾಕಿದ್ದರಿಂದ ಶುರು ಮಾಡಿ ಒಂದೊಂದಾಗಿ ತೆಗೆಯಿರಿ.

7. ಚಾರ್ಜು ತುಂಬಿದೆ, ಫೋನು ತಣ್ಣಗಿದೆ, ಸೇಫ್ ಮೋಡ್‌ನಲ್ಲೂ ಫ್ಲ್ಯಾಶ್ ಮಿಂಚುತ್ತಿಲ್ಲ ಎಂದಾದರೆ ದೀಪವೋ ಅದರ ಮಂಡಲವೋ ಕೆಟ್ಟಿರಬೇಕು. ಬಿದ್ದ, ನೀರಿನಲ್ಲಿ ನೆನೆದ ಫೋನ್‌ಗಳಲ್ಲಿ ಹೀಗಾಗುವುದುಂಟು. ಆಗ ತಿಳಿದ ರಿಪೇರಿಯವರ ಬಳಿಗೇ ಒಯ್ಯಬೇಕು.

ಹಿರಿಯರು ಗಮನಿಸಬೇಕಾದ ಮೂರು ಮಾತುಗಳಿವೆ. ಮೊದಲನೆಯದು, ಸಿಟ್ಟಿನಲ್ಲಿ ಫ್ಯಾಕ್ಟರಿ ರೀಸೆಟ್ ಮಾಡಬೇಡಿ. ಬೇರೆಡೆ ಉಳಿಸಿಡದ ಫೋಟೊ, ದಾಖಲೆಗಳೆಲ್ಲ ಅಳಿಸಿಹೋಗುತ್ತವೆ, ಹಣ ಕಳಿಸುವ ಆ್ಯಪ್‌ಗಳನ್ನು ಮತ್ತೆ ಮೊದಲಿನಿಂದ ಸಿದ್ಧಮಾಡಬೇಕಾಗುತ್ತದೆ. ಎರಡನೆಯದು, ಹಿಂಬದಿ ಉಬ್ಬಿರುವ ಫೋನನ್ನು ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಒಳಗಿನ ಕೋಶ ಊದಿಕೊಂಡಿದೆ ಎಂದರ್ಥ, ಬೆಂಕಿ ಹೊತ್ತಿಕೊಳ್ಳಬಹುದು.

ಮೂರನೆಯದು, ಟಾರ್ಚು ಹತ್ತಲಿಲ್ಲವೆಂದು ಹೊಸ ಟಾರ್ಚ್ ಆ್ಯಪ್ ಇಳಿಸಿಕೊಳ್ಳಲು ಹೋಗಬೇಡಿ. ಫೋನಿನಲ್ಲೇ ಇರುವ ಗುಂಡಿ ಬೆಳಗಿಸಲಾಗದ ದೀಪವನ್ನು ಹೊರಗಿನ ಆ್ಯಪ್ ಬೆಳಗಿಸುವುದು ಅಪರೂಪ. 2013ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಂದು ಪ್ರಸಿದ್ಧ ಟಾರ್ಚ್ ಆ್ಯಪ್‌ನ ಮೇಲೆ ಕ್ರಮ ಕೈಗೊಂಡಿತು. ಕೋಟ್ಯಂತರ ಜನ ಇಳಿಸಿಕೊಂಡಿದ್ದ ಆ ಆ್ಯಪ್, ಬಳಕೆದಾರರು ಎಲ್ಲಿದ್ದಾರೆಂಬ ಮಾಹಿತಿಯನ್ನು ಅವರಿಗೆ ಸರಿಯಾಗಿ ತಿಳಿಸದೆ ಜಾಹೀರಾತಿನವರಿಗೆ ಕೊಡುತ್ತಿತ್ತು ಎಂಬುದು ಆರೋಪ. ದೀಪ ಹಚ್ಚುವ ಆ್ಯಪ್‌ಗೆ ನೀವಿರುವ ಜಾಗವಾಗಲಿ ನಿಮ್ಮ ಗೆಳೆಯರ ನಂಬರುಗಳಾಗಲಿ ಏಕೆ ಬೇಕು? ಮಕ್ಕಳೂ ಈ ಪ್ರಶ್ನೆ ಕೇಳುವುದನ್ನು ಕಲಿಯಲಿ.

ಮನೆಯಲ್ಲೇ ಮಾಡಿ ನೋಡಿ

ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಒಂದು ಪುಟ್ಟ ಬಿಳಿ ಎಲ್‌ಇಡಿ, 100 ಓಮಿನ ಒಂದು ರೆಸಿಸ್ಟರು ಸಿಗುತ್ತವೆ. ಮೂರು ಪೆನ್ಸಿಲ್ ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸಿ. 4.5 ವೋಲ್ಟ್ ಆಯಿತು. ರೆಸಿಸ್ಟರನ್ನು ಮಧ್ಯೆ ಸೇರಿಸಿ, ಎಲ್‌ಇಡಿಯ ಉದ್ದ ಕಾಲನ್ನು ಧನ ತುದಿಯ ಕಡೆಗೂ ಗಿಡ್ಡ ಕಾಲನ್ನು ಋಣ ತುದಿಯ ಕಡೆಗೂ ಜೋಡಿಸಿ. ಎಲ್‌ಇಡಿಗೆ 3 ವೋಲ್ಟ್ ಹೋದರೆ ರೆಸಿಸ್ಟರಿಗೆ ಉಳಿಯುವುದು 1.5. ಅದನ್ನು 100ರಿಂದ ಭಾಗಿಸಿದರೆ 0.015 ಆಂಪಿಯರ್, ಅಂದರೆ 15 ಮಿಲಿಆಂಪಿಯರ್. ದೀಪ ಚೆನ್ನಾಗಿ ಬೆಳಗುತ್ತದೆ. ಈಗ ಒಂದು ಸೆಲ್ಲು ತೆಗೆದು ಎರಡರಿಂದ ಪ್ರಯತ್ನಿಸಿ. ಮಿಣುಕಬಹುದು, ಇಲ್ಲವೇ ಹತ್ತದೆಯೂ ಇರಬಹುದು. ದೀಪ ಕೆಟ್ಟಿತೇ? ಇಲ್ಲ. ಮೂರನೆಯ ಸೆಲ್ಲು ಮತ್ತೆ ಹಾಕಿ ನೋಡಿ. ಉರಿಯುವ ಎಲ್‌ಇಡಿಯನ್ನು ಕಣ್ಣಿನ ಹತ್ತಿರ ಹಿಡಿದು ದಿಟ್ಟಿಸಬೇಡಿ. ಫೋನಿನ ಟಾರ್ಚಿಗೂ ಈ ಮಾತು ಸಲ್ಲುತ್ತದೆ. ರೆಸಿಸ್ಟರಿಲ್ಲದೆ ನೇರವಾಗಿಯೂ ಜೋಡಿಸಬೇಡಿ. ಎಲ್‌ಇಡಿ ಸುಟ್ಟುಹೋಗುತ್ತದೆ.

ಇನ್ನು ಆ ತಂದೆಯ ಕಥೆ. ಮರುವಾರ ಅವರನ್ನು ಶಾಲೆಗೆ ಕರೆಸಿ ಮಗಳ ಕೈಯಿಂದಲೇ ಪಟ್ಟಿ ಓದಿಸಿದೆ. ಸಂಜೆಯಿಂದ ಯಾರು ಬಳಸಿದರು ಎಂಬ ಕಲಮಿಗೆ ಬಂದಾಗ ಅವಳು ತಡವರಿಸಿದಳು. "ಓದಮ್ಮ, ಇದ್ದದ್ದು ಇದ್ದ ಹಾಗೆ" ಎಂದೆ. ದೀಪ ಹತ್ತದ ಮೂರು ರಾತ್ರಿಗಳಲ್ಲಿ ಒಂದು ರಾತ್ರಿ ತಮ್ಮನ ಆಟ. ಉಳಿದೆರಡು ರಾತ್ರಿ ಊಟವಾದ ಮೇಲೆ ಅಪ್ಪನೇ ನೋಡಿದ ಕಬಡ್ಡಿ ಪಂದ್ಯಗಳು. ಆ ಏಳು ದಿನ ಅವಳು ಫೋನು ಮುಟ್ಟಿರಲೇ ಇಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಜಿನ ಮೇಲಿದ್ದ ಫೋನನ್ನು ಮಗಳ ಕಡೆಗೆ ಸರಿಸಿ, "ತಗೋ. ರಾತ್ರಿ ಮಲಗೋ ಮುಂಚೆ ಚಾರ್ಜಿಗೆ ಹಾಕೋದು ಮಾತ್ರ ಮರೀಬೇಡ" ಎಂದರು. ನಾನು ಅದರ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಡಲು ಅವಳಿಗೆ ಹೇಳಿದೆ. ಹೊಲಕ್ಕೆ ಹೋಗಲು ಬೇರೆಯೇ ಒಂದು ಟಾರ್ಚು ಕೊಳ್ಳಿ ಎಂದು ಅವರಿಗೂ ಹೇಳಿದೆ. ಕತ್ತಲಲ್ಲಿ ಅವಘಡವಾದರೆ 108ಕ್ಕೆ ಕರೆ ಮಾಡಲು ಫೋನಿನಲ್ಲಿ ಚಾರ್ಜು ಇರಬೇಕಲ್ಲ! ದಾರಿಯ ಬೆಳಕನ್ನೂ ಸಹಾಯದ ಕರೆಯನ್ನೂ ಒಂದೇ ಕೋಶಕ್ಕೆ ಕಟ್ಟಿಹಾಕುವುದು ಜಾಣತನವಲ್ಲ.

ಮಾರ್ಚಿನಲ್ಲಿ ಪರೀಕ್ಷೆಯ ಪ್ರವೇಶಪತ್ರ ಒಯ್ಯಲು ಮಗಳೊಂದಿಗೆ ಅವರೂ ಬಂದಿದ್ದರು. ಚೀಲದಿಂದ ಹೊಸ ಟಾರ್ಚು ತೆಗೆದು ತೋರಿಸಿದರು. "ಇದಕ್ಕೂ ಒಂದು ಪುಸ್ತಕ ಇಟ್ಟಿದ್ದಾಳೆ ಮೇಷ್ಟ್ರೇ, ಯಾವತ್ತು ಚಾರ್ಜು ಮಾಡಿದ್ದು ಅಂತ ಬರೀತಾಳೆ" ಎಂದರು. ಈ ಸಲ ಅವರ ಮುಖದಲ್ಲಿ ಸಿಟ್ಟಿರಲಿಲ್ಲ.

ಮನೆಯಲ್ಲಿ ಏನಾದರೂ ಕೆಟ್ಟಾಗ ಮೊದಲು ಕೈ ಹೋಗುವುದು ಮಕ್ಕಳ ಕಿವಿಗೆ. ಇನ್ನು ಮುಂದೆ ಅದು ಒಂದು ಹಾಳೆ, ಒಂದು ಪೆನ್ನಿನ ಕಡೆಗೆ ಹೋಗಲಿ ಎಂದು ಪೋಷಕರಲ್ಲಿ ನನ್ನ ಕೋರಿಕೆ. ಮಕ್ಕಳೇ, ನೀವು ಆ ಹಾಳೆಯಲ್ಲಿ ನಿಜವನ್ನೇ ಬರೆಯಿರಿ. ತಪ್ಪು ನಿಮ್ಮದೇ ಆಗಿದ್ದರೂ ಬರೆಯಿರಿ.